ಹಳೆಯ ಕಾರಿನಲ್ಲಿ ಕಿಡಿ ಕಾಣೆಯಾದಾಗ

ನಮ್ಮ ಕಾಸರಗೋಡಿನ ಒಳನಾಡಿನ ಹಳ್ಳಿಗಳಲ್ಲಿ ಇಂದಿಗೂ ಕೆಲವು ಮನೆಗಳ ಅಂಗಳದ ಅಂಚಿನಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಹಳೆಯ ಅಂಬಾಸಿಡರ್ ಕಾರು ನಿಂತಿರುವುದನ್ನು ವಾಚಕರು ಕಂಡಿರಬಹುದು. ರಸ್ತೆಗಳು ಹಾಳಾಗಿದ್ದ ಕಾಲದಲ್ಲಿ ಹೆರಿಗೆಯ ನೋವು ತಿನ್ನುವ ಹೆಣ್ಣುಮಕ್ಕಳನ್ನೂ ಹಾವು ಕಚ್ಚಿದವರನ್ನೂ ನಡುರಾತ್ರಿಯಲ್ಲಿ ಮಂಗಳೂರಿಗೆ ಹೊತ್ತೊಯ್ದುದು ಇಂಥ ಗಾಡಿಗಳೇ. ಈಗ ಅವು ನಿಂತಲ್ಲೇ ನಿಂತಿವೆ. ಯಾಕೆ ಎಂದು ಕೇಳಿದರೆ ಮನೆಯವರು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: "ಕರೆಂಟು ಬರುವುದಿಲ್ಲ ಮಾಸ್ಟ್ರೇ, ಯಾರಿಂದಲೂ ಸರಿಯಾಗಲಿಲ್ಲ." ಮುಂದಿನ ಮಳೆಗಾಲದ ಹೊತ್ತಿಗೆ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಮಾತನಾಡಿಸಿರುತ್ತಾನೆ.

ಹೀಗೆ ತೂಕಕ್ಕೆ ಹೋಗುವ ಕಾರುಗಳಲ್ಲಿ ಹಲವಕ್ಕೆ ಬಂದಿರುವ ರೋಗ ಗೇಣುದ್ದದ ತಂತಿಗಿಂತ, ಕಾಸಗಲದ ಬಿಲ್ಲೆಗಿಂತ ದೊಡ್ಡದಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ರೋಗವನ್ನು ಹುಡುಕುವ ಕ್ರಮ ತಪ್ಪಿರುವುದರಿಂದ ಅದು ದೊಡ್ಡದಾಗಿ ಕಾಣುತ್ತಿದೆ, ಅಷ್ಟೇ.

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಭಾರತೀಯ ರೂಪ. ಬಂಗಾಳದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ತಯಾರಾಯಿತು. ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ ಇರುವ ಹಳೆಯ ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಬರೆಯುತ್ತಿದ್ದೇವೆ. ಡೀಸೆಲ್ ಗಾಡಿಗಳಿಗೆ ಕಿಡಿಯ ಗೊಡವೆಯೇ ಇಲ್ಲ. ೨೦೨೧ರಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ, ಮೂಲರೂಪ ಕೆಡದ ಕಾರುಗಳನ್ನು 'ವಿಂಟೇಜ್' ಎಂಬ ಪ್ರತ್ಯೇಕ ವರ್ಗದಲ್ಲಿ ನೋಂದಾಯಿಸಲು ಅವಕಾಶವಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅಂತೂ ನಮ್ಮ ಅಂಗಳದ ಅನೇಕ ಕಾರುಗಳು ಈ ವಯಸ್ಸನ್ನು ಸದ್ದಿಲ್ಲದೆ ದಾಟಿವೆ.

ಕಿಡಿ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಬ್ಯಾಟರಿಯಲ್ಲಿರುವುದು ೧೨ ವೋಲ್ಟ್ ಮಾತ್ರ. ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರಬೇಕಾದರೆ ಬೇಕಾಗುವುದು ಹತ್ತು ಸಾವಿರ ವೋಲ್ಟಿನ ಆಸುಪಾಸು. ಈ ಅಂತರವನ್ನು ದಾಟಿಸುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಇವೆ. ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ಕಾಂತಕ್ಷೇತ್ರ ತುಂಬಿ ನಿಲ್ಲುತ್ತದೆ. ಆ ಹರಿವನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿದು, ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ತೋಟದ ಪಂಪಿನ ಕೊಳವೆಯಲ್ಲಿ ಓಡುತ್ತಿರುವ ನೀರನ್ನು ಒಮ್ಮೆಲೇ ಅಡ್ಡಗಟ್ಟಿದರೆ ಕೊಳವೆಯೇ ದಡಕ್ಕೆಂದು ಬಡಿದುಕೊಳ್ಳುವುದಿಲ್ಲವೇ, ಹಾಗೆ. ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳದು; ಹುಟ್ಟಿದ ಒತ್ತಡವನ್ನು ೧-೩-೪-೨ ಎಂಬ ಕ್ರಮದಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚುವುದು ರೋಟರಿನದು. ಎಂಜಿನ್ ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಪಾಯಿಂಟುಗಳು ಸೆಕೆಂಡಿಗೆ ೧೦೦ ಸಲ ತೆರೆದು ಮುಚ್ಚುತ್ತವೆ ಎಂದರೆ ಆ ಪುಟ್ಟ ಯಂತ್ರದ ದುಡಿಮೆ ಎಷ್ಟೆಂದು ತಿಳಿದೀತು.

ಮೋಟಾರುಗಳಲ್ಲಿ ಈ ಏರ್ಪಾಡನ್ನು ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅದು ೧೯೧೦ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಅವನ ಸಂಸ್ಥೆಯಾದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪೆನಿಯ ಮೊದಲಕ್ಷರಗಳು ಕೂಡಿ 'ಡೆಲ್ಕೊ' ಆಯಿತು. ನಮ್ಮ ಹಳೆಯ ಮೇಸ್ತ್ರಿಗಳು ಡಿಸ್ಟ್ರಿಬ್ಯೂಟರನ್ನು ಡೆಲ್ಕೊ ಎನ್ನುವುದುಂಟು. ತುಳು, ಮಲೆಯಾಳ, ಕನ್ನಡ ಮೂರೂ ಬೆರೆತ ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಭಾಷಾವಿವಾದವಿಲ್ಲದ ಪದಗಳು ಇವು ಕೆಲವು.

ಇನ್ನು ಹುಡುಕುವ ಕ್ರಮ. ಶಿಕ್ಷಕರ ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಸೂತ್ರ ಒಂದಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ. ತರಗತಿಯಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯುತ್ತದೋ, ಕಾರಿನ ಮಟ್ಟಿಗಂತೂ ಚೆನ್ನಾಗಿ ನಡೆಯುತ್ತದೆ. ಬ್ಯಾಟರಿಯಿಂದ ಹೊರಟು ವಿದ್ಯುತ್ತಿನ ಹಿಂದೆಯೇ ನಡೆಯುತ್ತ, ಎಲ್ಲಿಯ ವರೆಗೆ ಅದು ಬಂದಿದೆ ಎಂಬುದನ್ನು ಖಚಿತಪಡಿಸಿಕೊಂಡು ಮುಂದಿನ ಹೆಜ್ಜೆ ಇಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಾಯಿಲ್, ಕಂಡೆನ್ಸರ್, ಪಾಯಿಂಟು, ಪ್ಲಗ್ಗು ಎಲ್ಲವನ್ನೂ ಒಂದೇ ಮಧ್ಯಾಹ್ನ ಹೊಸದಾಗಿ ಹಾಕುವವರು ಇದ್ದಾರೆ. ಕಾರು ಹೊರಟರೆ ಯಾವುದರಿಂದ ಹೊರಟಿತೆಂದು ತಿಳಿಯದು. ಹೊರಡದಿದ್ದರೆ ಹೊಸ ಸಾಮಾನುಗಳಲ್ಲೇ ಒಂದು ಕೆಟ್ಟದ್ದಿರಬಹುದೆಂಬ ಸಂಶಯ ಹೊಸದಾಗಿ ಸೇರಿಕೊಳ್ಳುತ್ತದೆ.

ಮೊದಲ ಪ್ರಶ್ನೆ, ಕೊರತೆ ಕಿಡಿಯದೋ ಪೆಟ್ರೋಲಿನದೋ? ಸ್ವಲ್ಪ ಹೊತ್ತು ತಿರುಗಿಸಿದ ಮೇಲೆ ಒಂದು ಪ್ಲಗ್ ಬಿಚ್ಚಿ ನೋಡಬೇಕು. ತುದಿ ಒದ್ದೆಯಾಗಿ ಪೆಟ್ರೋಲಿನ ವಾಸನೆ ಬಂದರೆ ಇಂಧನ ಬರುತ್ತಿದೆ, ಕಿಡಿಯೇ ದುರ್ಬಲ. ಒಣಗಿದ್ದರೆ ಕಾರ್ಬ್ಯುರೇಟರಿನ ಕಡೆ ನೋಡಬೇಕು. ಬಿಚ್ಚಿದ ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಲೋಹದ ಮೈ ಎಂಜಿನ್ನಿಗೆ ತಾಗುವಂತಿಟ್ಟು ತಿರುಗಿಸಿದರೆ ಕಿಡಿ ಕಣ್ಣಿಗೇ ಕಾಣುತ್ತದೆ. ನೀಲಿಯಾಗಿ 'ಚಟ್' ಎಂದು ಸದ್ದು ಮಾಡಿದರೆ ಒಳ್ಳೆಯದು. ತೆಳುವಾಗಿ ಹಳದಿ ಕೆಂಪಾಗಿದ್ದರೆ ಸಾಲದು. ಇದನ್ನು ಮಾಡುವಾಗ ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದು; ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಾಕು. ಪ್ಲಗ್ಗಿನ ತೂತಿನ ಬಳಿಯಾಗಲಿ, ಪೆಟ್ರೋಲ್ ಚೆಲ್ಲಿದಲ್ಲಾಗಲಿ ಕಿಡಿ ಹಾರಿಸಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕೆಲಸಕ್ಕೆ ಕೈಹಾಕಲೇಬಾರದು.

ಸ್ಟಾರ್ಟರಿಗೆ ಹೊರಡದ ಕಾರು ಹ್ಯಾಂಡಲ್ ಹಾಕಿ ತಿರುಗಿಸಿದರೆ ಹೊರಡುವುದುಂಟು. ಇದನ್ನು ಪವಾಡವೆಂದು ಹೇಳುವವರಿದ್ದಾರೆ. ಸಂಗತಿ ಸರಳ. ಸ್ಟಾರ್ಟರ್ ಮೋಟಾರು ಬ್ಯಾಟರಿಯ ಶಕ್ತಿಯನ್ನು ಒಂದೇ ಉಸಿರಿಗೆ ಹೀರುತ್ತದೆ. ಬ್ಯಾಟರಿ ಸೊರಗಿದ್ದರೆ, ಇಲ್ಲವೆ ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ಅರ್ತ್ ಪಟ್ಟಿ ಹಸಿರುಗಟ್ಟಿದ್ದರೆ, ಕಾಯಿಲಿಗೆ ಉಳಿಯುವ ವೋಲ್ಟೇಜು ಸಾಲದು. ಹ್ಯಾಂಡಲ್ ತಿರುಗಿಸುವಾಗ ಆ ಖರ್ಚು ನಮ್ಮ ರಟ್ಟೆಯದು, ಬ್ಯಾಟರಿಯ ಬಲವೆಲ್ಲ ಕಿಡಿಗೇ ಸಲ್ಲುತ್ತದೆ. ಹಾಗಾದಲ್ಲಿ ಕಾಯಿಲನ್ನು ದೂರುವುದಕ್ಕೆ ಮೊದಲು ಬ್ಯಾಟರಿಯ ಕೊಂಡಿಗಳನ್ನೂ ಆ ಪಟ್ಟಿಯ ಎರಡು ತುದಿಗಳನ್ನೂ ಉಜ್ಜಿ ಬಿಗಿಗೊಳಿಸಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ. ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದವರು ಪ್ರತಿ ಊರಿನಲ್ಲೂ ಇದ್ದಾರೆ.

ಮುಂದಿನ ಪರೀಕ್ಷೆಗೆ ಬೇಕಾದುದು ೧೨ ವೋಲ್ಟಿನ ಒಂದು ಸಣ್ಣ ಬಲ್ಬು ಮತ್ತು ಎರಡು ತುಂಡು ವೈರು. ಕಾಯಿಲಿನ ಮೇಲೆ ಎರಡು ಸಣ್ಣ ಕೊಂಡಿಗಳಿವೆ: ಒಂದಕ್ಕೆ ಸ್ವಿಚ್ಚಿನಿಂದ ವೈರು ಬರುತ್ತದೆ, ಇನ್ನೊಂದರಿಂದ ಡಿಸ್ಟ್ರಿಬ್ಯೂಟರಿಗೆ ಹೋಗುತ್ತದೆ. ಬಲ್ಬಿನ ಒಂದು ತುದಿಯನ್ನು ಡಿಸ್ಟ್ರಿಬ್ಯೂಟರಿನ ಕಡೆಯ ಕೊಂಡಿಗೂ ಇನ್ನೊಂದನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೂ ತಾಗಿಸಿ, ಕೀ ಹಾಕಿ, ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಪಾಯಿಂಟು ತೆರೆದಾಗ ಬಲ್ಬು ಉರಿಯಬೇಕು, ಮುಚ್ಚಿದಾಗ ಆರಬೇಕು. ಹೀಗೆ ಮಿನುಗಿದರೆ ಬ್ಯಾಟರಿಯಿಂದ ಪಾಯಿಂಟಿನ ವರೆಗಿನ ದಾರಿಯೆಲ್ಲ ಸರಿಯಿದೆ. ಸದಾ ಉರಿಯುತ್ತಿದ್ದರೆ ಪಾಯಿಂಟುಗಳು ಒಂದನ್ನೊಂದು ಮುಟ್ಟುತ್ತಿಲ್ಲ, ಮುಟ್ಟಿದರೂ ನಡುವೆ ಕೊಳೆಯಿದೆ, ಅಥವಾ ಅವುಗಳಿಂದ ಅರ್ತಿಗೆ ಹೋಗುವ ದಾರಿ ಕಡಿದಿದೆ. ಎಂದೂ ಉರಿಯದಿದ್ದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಕೊಂಡಿಯಿಂದ ಕಳಚಿ ಮತ್ತೆ ನೋಡಬೇಕು. ಈಗ ಉರಿದರೆ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲೋ ಸೋರಿಕೆ. ಈಗಲೂ ಕತ್ತಲಾದರೆ ಕಾಯಿಲ್, ಸ್ವಿಚ್ಚು ಅಥವಾ ಅಲ್ಲಿಯ ವರೆಗಿನ ವೈರು. ಕಾಯಿಲಿನ ಇನ್ನೊಂದು ಕೊಂಡಿಗೆ ಬಲ್ಬು ಹಿಡಿದರೆ ಅದೂ ಬೇರೆಬೇರೆಯಾಗಿ ತಿಳಿಯುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿ ಕೀ ಹಾಕಿಟ್ಟು ಚಹಾ ಕುಡಿಯಲು ಹೋಗಬಾರದು. ಕಾಯಿಲ್ ಕಾದು ಕೆಡುತ್ತದೆ.

ಡಿಸ್ಟ್ರಿಬ್ಯೂಟರಿನೊಳಗಿನ ಸೋರಿಕೆಗೆ ಹೆಚ್ಚಾಗಿ ಕಾರಣ ಪಾಯಿಂಟು ಜೋಡಿಸುವಾಗ ಫೈಬರ್ ಬಿಲ್ಲೆಗಳು ಅದಲುಬದಲಾದುದು. ಕಂಡೆನ್ಸರಿನ ವೈರು, ಕಾಯಿಲಿನಿಂದ ಬಂದ ವೈರು, ಪಾಯಿಂಟಿನ ಸ್ಪ್ರಿಂಗು ಈ ಮೂರೂ ಒಂದನ್ನೊಂದು ಮುಟ್ಟಬೇಕು. ಆದರೆ ಇವುಗಳಲ್ಲಿ ಯಾವುದೂ ನಡುವಿನ ಕಂಬವನ್ನಾಗಲಿ ತಟ್ಟೆಯನ್ನಾಗಲಿ ಮುಟ್ಟಕೂಡದು. ಬಿಚ್ಚುವಾಗ ಬಿಲ್ಲೆಗಳನ್ನು ಬಂದ ಕ್ರಮದಲ್ಲೇ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟರೆ ಸಾಕು, ಈ ತೊಂದರೆ ಹುಟ್ಟುವುದೇ ಇಲ್ಲ. ಪಾಯಿಂಟಿನ ಹಿಮ್ಮಡಿ ಕ್ಯಾಮಿನ ನೆತ್ತಿಯ ಮೇಲೆ ನಿಂತಾಗ ಸಂದು ೧೪ರಿಂದ ೧೬ ಸಾವಿರದಂಶ ಇಂಚು, ಅಂದರೆ ಸುಮಾರು ೦.೩೫ರಿಂದ ೦.೪೦ ಮಿಲಿಮೀಟರ್ ಇರಬೇಕು. ಪ್ಲಗ್ಗಿನ ಸಂದು ೨೫ ಸಾವಿರದಂಶ. ಅಳತೆಪಟ್ಟಿ ಇಲ್ಲದವರು ಹ್ಯಾಕ್ಸಾ ಅಲಗಿನ ದಪ್ಪವನ್ನು ನೆಚ್ಚಬಹುದು, ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡಿಸ್ಟ್ರಿಬ್ಯೂಟರಿನ ಕಂಬಿಯನ್ನು ಬೆರಳಿನಿಂದ ಅತ್ತಿತ್ತ ಅಲುಗಿಸಿ ನೋಡಬೇಕು. ಅದು ಆಡುತ್ತಿದ್ದರೆ ಒಳಗಿನ ಬುಷ್ ಸವೆದಿದೆ; ಎಷ್ಟು ಚೆನ್ನಾಗಿ ಸಂದು ಹೊಂದಿಸಿದರೂ ಒಂದೊಂದು ಸಿಲಿಂಡರಿಗೆ ಒಂದೊಂದು ಅಳತೆಯಾಗುತ್ತದೆ.

ಕಂಡೆನ್ಸರಿನ ವಿಷಯದಲ್ಲಿ ತಪ್ಪು ಕಲ್ಪನೆ ಬಹಳ. ಪಾಯಿಂಟು ತೆರೆಯುವ ಕ್ಷಣದಲ್ಲಿ ವಿದ್ಯುತ್ತು ಆ ಸಂದಿನಲ್ಲೇ ಹಾರಲು ನೋಡುತ್ತದೆ. ಅದಕ್ಕೆ ತಂಗಲು ಬೇರೆ ಜಾಗ ಕೊಟ್ಟು ಹರಿವನ್ನು ಚೊಕ್ಕವಾಗಿ ಕಡಿಯಲು ನೆರವಾಗುವುದು ಕಂಡೆನ್ಸರ್. ಅದು ಸತ್ತರೆ ಪಾಯಿಂಟುಗಳ ನಡುವೆ ಎದ್ದುಕಾಣುವ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಕಿಡಿ. ಪಾಯಿಂಟಿನ ಮುಖ ಬೇಗನೆ ಸುಟ್ಟು ನೀಲಿಗಟ್ಟುತ್ತದೆ. ಪರೀಕ್ಷೆ ಸುಲಭ: ಹಳೆಯದರ ವೈರನ್ನು ಬಿಡಿಸಿಟ್ಟು, ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಕಂಡೆನ್ಸರಿನ ವೈರನ್ನು ಹೊರಗಿನಿಂದಲೇ ಕಾಯಿಲಿನ ಡಿಸ್ಟ್ರಿಬ್ಯೂಟರ್ ಕೊಂಡಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿದರೆ ಆಯಿತು.

ಇಷ್ಟೆಲ್ಲ ಸರಿಯಿದ್ದೂ ಕಾಡುವ ಒಂದು ರೋಗವಿದೆ. ನಾವು ಈ ಲೇಖನಕ್ಕೆ ಕೈಹಾಕಿದ್ದು ಮುಖ್ಯವಾಗಿ ಅದಕ್ಕಾಗಿಯೇ. ನಮ್ಮ ಆಸುಪಾಸಿನ ಮನೆಯೊಂದರ ಕಾರು ನಿಂತಲ್ಲಿ ಸೊಗಸಾಗಿ ಓಡುತ್ತಿತ್ತು. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದರೆ ಹತ್ತುತ್ತಿತ್ತು. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ತುಳಿದು ಹಿತವಾಗಿ ಹೋಗುತ್ತಿರುವಾಗ ಮಾತ್ರ ಜಗ್ಗಿ, ಕೆಮ್ಮಿ, ನಿಂತುಬಿಡುತ್ತಿತ್ತು. ಕಾಯಿಲ್ ಹೊಸದಾಯಿತು, ಕಂಡೆನ್ಸರ್ ಎರಡು ಸಲ ಬದಲಾಯಿತು, ಮುಚ್ಚಳ, ಪ್ಲಗ್ಗುಗಳು, ಕೊನೆಗೆ ಕಾರ್ಬ್ಯುರೇಟರೂ ಬಿಚ್ಚಿ ಕಟ್ಟಿದ್ದಾಯಿತು. ಮನೆಯ ಹಿರಿಯರು ತಮ್ಮ ತಂದೆ ಕೊಂಡ ಕಾರನ್ನು ತೂಕಕ್ಕೆ ಕೊಡಲು ಒಪ್ಪಿ ಮುಂಗಡವನ್ನೂ ಪಡೆದಿದ್ದರು. ನಾವು ಹೋದಾಗ ಗುಜರಿಯವನು ಬರಲು ನಾಲ್ಕು ದಿನವಿತ್ತು.

ಲಕ್ಷಣವನ್ನು ಗಮನವಿಟ್ಟು ಕೇಳಿದರೆ ರೋಗದ ಊರು ಅದರಲ್ಲೇ ಇತ್ತು. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಒಂದು ಚಪ್ಪಟೆ ಡಬ್ಬಿಯಿದ್ದು, ಕಾರ್ಬ್ಯುರೇಟರಿನಿಂದ ಸಣ್ಣ ನಳಿಕೆ ಅದಕ್ಕೆ ಬರುತ್ತದೆ. ಹಗುರವಾಗಿ ತುಳಿದಾಗ ಆ ನಳಿಕೆಯ ಹೀರುವಿಕೆ ಬಲವಾಗಿ, ಪಾಯಿಂಟು ಕುಳಿತ ತಟ್ಟೆಯನ್ನೇ ತುಸು ತಿರುಗಿಸಿ ಕಿಡಿಯನ್ನು ಮುಂಚಿತಗೊಳಿಸುತ್ತದೆ. ನಿಂತು ಓಡುವಾಗಲೂ ಪೂರ್ತಿ ತುಳಿದಾಗಲೂ ಈ ಸೆಳೆತವಿರುವುದಿಲ್ಲ. ಹಾಗಾದರೆ ತಟ್ಟೆ ತಿರುಗಿದಾಗ ಮಾತ್ರ ಕೆಡುವಂಥದು ಯಾವುದೋ ಒಳಗಿದೆ. ನಾವು ನಳಿಕೆಯನ್ನು ಕಳಚಿ, ಕಾರ್ಬ್ಯುರೇಟರಿನ ಕಡೆಯ ತೂತಿಗೆ ಬೆಣೆ ಹಾಕಿಸಿದೆವು. ಕಾರು ಚೆರ್ಕಳದ ವರೆಗೆ ಹೋಗಿ ಬಂದಿತು, ಒಮ್ಮೆಯೂ ಜಗ್ಗಲಿಲ್ಲ. ಬಳಿಕ ಮುಚ್ಚಳ ತೆಗೆದು ನೋಡಿದರೆ, ತಿರುಗುವ ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಸೇರಿಸುವ ಮೋಟು ಅರ್ತ್ ವೈರು ಹೊರಗೆ ಅಖಂಡವಾಗಿಯೇ ಕಾಣುತ್ತಿತ್ತು. ಎಳೆದಾಗ ರಬ್ಬರಿನಂತೆ ಹಿಗ್ಗಿತು. ಹೊದಿಕೆಯೊಳಗೆ ತಾಮ್ರದ ಎಳೆಗಳೆಲ್ಲ ಕಡಿದಿದ್ದವು. ವರ್ಷಗಟ್ಟಲೆ ಅತ್ತಿತ್ತ ಬಾಗಿ ಸವೆದ ವೈರು ಅದು. ಅಷ್ಟೇ ಉದ್ದದ, ಬಹಳ ಎಳೆಗಳಿರುವ ಮೆತ್ತನೆಯ ವೈರನ್ನು ಬೆಸುಗೆ ಹಾಕಿಸಲಾಯಿತು. ಬಿರುಸಾದ ಒಂಟಿ ಎಳೆಯ ವೈರು ಹಾಕಿದರೆ ತಟ್ಟೆ ಸರಾಗವಾಗಿ ತಿರುಗದು, ಬೇಗನೆ ಕಡಿಯುತ್ತದೆ ಕೂಡ. ಮುಂಗಡದ ಹಣ ಮರಳಿಹೋಯಿತು.

ಇನ್ನು ಮಳೆಗಾಲ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳ ಬೆಳಿಗ್ಗೆ ಹೊರಡದ ಕಾರಿಗೆ ತೇವವೇ ಶತ್ರು. ಸಾವಿರಾರು ವೋಲ್ಟಿನ ವಿದ್ಯುತ್ತಿಗೆ ಮುಚ್ಚಳದ ಒಳಗಿನ ಹನಿಯೂ ಒಂದು ಹೆದ್ದಾರಿ. ಒಣಬಟ್ಟೆಯಿಂದ ಮುಚ್ಚಳದ ಒಳಹೊರಗು, ಕಾಯಿಲಿನ ಕತ್ತು, ತಂತಿಗಳನ್ನು ಒರೆಸಿದರೆ ಹೆಚ್ಚಿನವು ಹೊರಡುತ್ತವೆ. ಒರೆಸಿದರೂ ಮರಳಿ ಮರಳಿ ಕಾಡಿದರೆ ಮುಚ್ಚಳದೊಳಗೆ ಸೀಸದ ಕಡ್ಡಿಯಿಂದ ಎಳೆದಂಥ ಕಪ್ಪು ಗೆರೆಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಅದು ಕಿಡಿ ಹರಿದು ಸುಟ್ಟ ಇಂಗಾಲದ ದಾರಿ. ಕೆರೆದು ತೆಗೆದರೆ ಊರು ಸೇರಬಹುದು. ಹೊಸ ಮುಚ್ಚಳವೇ ಮದ್ದು. ಮುಚ್ಚಳದ ನಡುವಿನ ಇಂಗಾಲದ ಕಡ್ಡಿ ಸ್ಪ್ರಿಂಗಿನ ಮೇಲೆ ಆಡುತ್ತಿದೆಯೇ ಎಂಬುದನ್ನೂ ಮರೆಯದೆ ನೋಡಬೇಕು. ಹಳೆಯ ಮುಚ್ಚಳಗಳಲ್ಲಿ ಮೊನೆಯಿರುವ ಸ್ಕ್ರೂ ತಂತಿಯೊಳಗೆ ಚುಚ್ಚಿ ಹಿಡಿಯುತ್ತದೆ. ಅಲ್ಲಿಗೆ ತಾಮ್ರದ ಎಳೆಯ ತಂತಿಯೇ ಸರಿ. ಈಗಿನ ಇಂಗಾಲದ ತಿರುಳಿನ ತಂತಿಯನ್ನು ಹಾಕಿದರೆ ಮೊನೆಗೆ ಭದ್ರವಾದ ಹಿಡಿತ ಸಿಕ್ಕುವುದಿಲ್ಲ.

ರೋಟರಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಕಳಪೆ ರೋಟರಿನಲ್ಲಿ ಹಿತ್ತಾಳೆಯ ಪಟ್ಟಿಯಿಂದ ಒಳಗಿನ ಕಂಬಿಗೆ ಕಿಡಿ ನುಸುಳಿ ಹೋಗುವುದುಂಟು. ಕಾಯಿಲಿನ ನಡುತಂತಿಯನ್ನು ಕ್ಲಿಪ್ಪಿನಲ್ಲಿ ಹಿಡಿದು ರೋಟರಿನ ಹಿತ್ತಾಳೆಯಿಂದ ಒಂದು ಕಡ್ಡಿ ದಪ್ಪದಷ್ಟು ಮೇಲಿಟ್ಟು, ಕೀ ಹಾಕಿ ಪಾಯಿಂಟನ್ನು ಬೆರಳಿನಿಂದಲ್ಲದೆ ಒಣ ಮರದ ಕಡ್ಡಿಯಿಂದ ತೆರೆದು ಮುಚ್ಚಬೇಕು. ಪ್ರತಿ ಸಲವೂ ಕೊಬ್ಬಿದ ಕಿಡಿ ಹಾರಿದರೆ ರೋಟರ್ ಸೋರುತ್ತಿದೆ.

ಜಾಲ್ಸೂರು ಸುಳ್ಯ ದಾಟಿ ಸಂಪಾಜೆಯ ಘಾಟಿ ಹತ್ತುವಾಗ, ಬೇಸಗೆಯಲ್ಲಿ, ಕಾರು ನಡುದಾರಿಯಲ್ಲಿ ನಿಂತು ಅರ್ಧ ತಾಸಿನ ಬಳಿಕ ತಾನೇ ಹೊರಡುವುದು ಅನೇಕರ ಅನುಭವ. ಇಲ್ಲಿ ಇಬ್ಬರು ಆರೋಪಿಗಳಿದ್ದಾರೆ: ಕಾದು ಸೋತ ಕಾಯಿಲ್ ಅಥವಾ ಕಂಡೆನ್ಸರ್ ಒಬ್ಬ, ನಳಿಕೆಯಲ್ಲೇ ಆವಿಯಾದ ಪೆಟ್ರೋಲ್ ಇನ್ನೊಬ್ಬ. ನಿಂತ ಕೂಡಲೇ, ತಣಿಯುವ ಮೊದಲು, ಕಿಡಿ ನೋಡಬೇಕು. ತಣಿದ ಮೇಲೆ ನೋಡಿದರೆ ಇಬ್ಬರೂ ನಿರಪರಾಧಿಗಳೇ. ಕಿಡಿಯಿಲ್ಲದಿದ್ದರೆ ಕಾಯಿಲಿಗೆ ಹಿಂಡಿದ ಒದ್ದೆಬಟ್ಟೆ ಸುತ್ತಿ, ಕತ್ತಿಗೆ ನೀರು ತಾಗದಂತೆ ನೋಡಿಕೊಂಡು, ಐದಾರು ನಿಮಿಷ ಕಾಯಬೇಕು. ಕಿಡಿ ಮರಳಿದರೆ ಕಾಯಿಲಿನ ಮೇಲೆಯೇ ಬಲವಾದ ಸಂಶಯ ಪಡಬಹುದು.

ಹಿಂದಿನ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿರುತ್ತಿತ್ತು. ಆಮೇಲೆ ಯಾರೋ ಅದನ್ನು ಋಣಕ್ಕೆ ಬದಲಿಸಿ, ಕಾಯಿಲಿನ ಎರಡು ವೈರುಗಳನ್ನು ಅದಲುಬದಲು ಮಾಡದೆ ಬಿಟ್ಟಿದ್ದರೆ ಕಾರು ಓಡುತ್ತದೆ, ಆದರೆ ಕಿಡಿ ಹಾರಲು ಹೆಚ್ಚಿನ ಒತ್ತಡ ಬೇಕಾಗಿ ತಂಪಿನಲ್ಲಿಯೂ ಏರಿನಲ್ಲಿಯೂ ಸೋಲುತ್ತದೆ. ಕ್ಲಿಪ್ಪಿನಲ್ಲಿ ಹಿಡಿದ ಪೆನ್ಸಿಲಿನ ಸೀಸದ ಮೊನೆಯನ್ನು ಪ್ಲಗ್ ತಂತಿಗೂ ಪ್ಲಗ್ಗಿಗೂ ನಡುವೆ ಇಟ್ಟರೆ, ಕಿತ್ತಳೆ ಬಣ್ಣದ ಉರಿ ಪ್ಲಗ್ಗಿನ ಕಡೆಗೆ ಚಿಮ್ಮಬೇಕು. ತಂತಿಯ ಕಡೆಗೆ ಚಿಮ್ಮಿದರೆ ವೈರುಗಳು ತಿರುಗುಮುರುಗಾಗಿವೆ.

ಟೈಮಿಂಗ್ ಹೊಂದಿಸುವುದು ಕೊನೆಯ ಕೆಲಸ; ಪಾಯಿಂಟಿನ ಸಂದು ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಮೊದಲು ಮಾಡಿದರೆ ವ್ಯರ್ಥ. ಕಾರಿನ ಕೈಪಿಡಿಯಲ್ಲಿ ಹೇಳಿದ ಗುರುತಿಗೆ ಎಂಜಿನ್ನನ್ನು ನಿಲ್ಲಿಸಿ, ಅದೇ ಬಲ್ಬಿನ ಸಹಾಯದಿಂದ, ಅದು ಹತ್ತಿಕೊಳ್ಳುವ ಕ್ಷಣಕ್ಕೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಯಬೇಕು.

ಪಾಯಿಂಟನ್ನೇ ಕಿತ್ತೆಸೆದು ಎಲೆಕ್ಟ್ರಾನಿಕ್ ಘಟಕ ಹಾಕಿಸಿದರೇನು ಎಂದು ಕೇಳುವವರಿದ್ದಾರೆ. ನಾವು ಅದರ ವಿರೋಧಿಗಳಲ್ಲ. ಕೆಲವು ಅಂಗಡಿಗಳಲ್ಲಿ ಸಿಗುವ ಪಾಯಿಂಟು ಕಂಡೆನ್ಸರುಗಳು ತಿಂಗಳು ಬಾಳದಿರುವಾಗ ಅದು ಒಂದು ದಾರಿಯೇ. ಆದರೆ ಪಾಯಿಂಟು ಸಾಯುವ ಮೊದಲು ಎಚ್ಚರಿಕೆ ಕೊಡುತ್ತದೆ, ತುಸು ಅರದಿಂದ ಉಜ್ಜಿದರೆ ಮನೆ ಮುಟ್ಟಿಸುತ್ತದೆ. ಎಲೆಕ್ಟ್ರಾನಿಕ್ ಘಟಕ ಘಾಟಿಯ ನಡುವೆ ಸುಮ್ಮನಾದರೆ ಸುಮ್ಮನಾದಂತೆಯೇ. ಆದುದರಿಂದ ಅದನ್ನು ಹಾಕಿಸಿದವರೂ ಹಳೆಯ ಪಾಯಿಂಟು ತಟ್ಟೆಯನ್ನು ಕಂಡೆನ್ಸರ್ ಸಮೇತ ಎಣ್ಣೆಕಾಗದದಲ್ಲಿ ಸುತ್ತಿ, ಒಂದು ರೋಟರ್, ಬಲ್ಬು, ಎರಡು ತುಂಡು ವೈರು, ಮರದ ಕ್ಲಿಪ್ಪು ಇವುಗಳೊಡನೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಂಡಿರಲಿ.